ಗೋಡೆಯ ಮೇಲಿನ ಹಡಗು

ನೌಕಾಪಡೆ ಬಿಟ್ಟು ಲೇಕ್ ಗಾರ್ಡನ್ಸ್‌ನ ಅಪ್ಪನ ಫ್ಲ್ಯಾಟಿಗೆ ಬಂದು ಎರಡು ವರ್ಷವಾದರೂ ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಆ ಭಾನುವಾರವಂತೂ ಕಾಲು ಸುಟ್ಟ ಬೆಕ್ಕಿನಂತೆ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಸಂಜೆ ಎಸ್ಪ್ಲನೇಡ್ ಹತ್ತಿರ ಕನ್ನಡ ಸಂಘದ ರಾಜ್ಯೋತ್ಸವ. ಮಕ್ಕಳಿಗೆ ನಾನು ಸಮುದ್ರದ ಅನುಭವ ಹೇಳಬೇಕಂತೆ. ನನ್ನನ್ನು ಕೇಳದೆ ಒಪ್ಪಿಕೊಂಡವರು ಅಪ್ಪ.

ಸಮುದ್ರದ ಅನುಭವ ನನಗಿದ್ದರೆ ತಾನೇ! ಹತ್ತು ವರ್ಷ ನಾನಿದ್ದದ್ದು ವಿಶಾಖಪಟ್ಟಣದ ಉಗ್ರಾಣದಲ್ಲಿ. ಹೊರಡುವ ಹಡಗುಗಳಿಗೆ ಅಕ್ಕಿ, ಹಗ್ಗ, ಲೈಫ್ ಜಾಕೆಟ್ ಕಳಿಸುವ ಕೆಲಸ. ನಾನಿದ್ದಾಗ ನಮ್ಮ ವಿಭಾಗದ ಹೆಂಗಸರನ್ನು ಹಡಗಿಗೆ ಹಾಕುತ್ತಿರಲಿಲ್ಲ. ತರಬೇತಿಯಲ್ಲಿ ಒಮ್ಮೆ, ಒಂದೇ ಒಂದು ಹಗಲು, ಸಮುದ್ರಕ್ಕೆ ಕರೆದೊಯ್ದಿದ್ದರು. ದಿನವಿಡೀ ವಾಂತಿ ಮಾಡಿದೆ. ನಡುವೆ ಹೇಗೋ ಒಂದು ಫೋಟೊ ತೆಗೆಸಿಕೊಂಡೆ. ಬ್ಯಾಂಕಿನ ಕೊನೆಯ ವರ್ಗಾವಣೆಯಲ್ಲಿ ಉಡುಪಿಯಿಂದ ಈ ದೂರದ ಬಂಗಾಳಿ ಊರಿಗೆ ಬಂದು ಇಲ್ಲೇ ನೆಲೆ ನಿಂತ ಅಪ್ಪ ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಮಗಳು ಹಡಗಿನಲ್ಲಿದ್ದಾಳೆ ಎಂದು ತಾವೂ ನಂಬಿ, ಬಂದವರಿಗೆಲ್ಲ ಹೇಳಿದರು. ನಾನು ತಿದ್ದಲಿಲ್ಲ. ಕೇಳಲು ಚೆನ್ನಾಗಿತ್ತು.

ಸಭೆಯಲ್ಲಿ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಸಮವಸ್ತ್ರ, ಶಿಸ್ತು ಎಂದು ಹತ್ತು ನಿಮಿಷ ಏನೇನೋ ಹೇಳಿ ತಪ್ಪಿಸಿಕೊಂಡೆ. ಆಗ ಒಬ್ಬಳು ಹುಡುಗಿ ಎದ್ದು ನಿಂತಳು.

"ಆಂಟಿ, ತೂಫಾನ್ ಬಂದ್ರೆ ಶಿಪ್‌ನಲ್ಲಿ ಡರ್ ಆಗಲ್ವಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ನನ್ನ ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಗೊತ್ತಿಲ್ಲ ಪುಟ್ಟಿ. ನಾನು ಹಡಗಲ್ಲಿ ಕೆಲಸ ಮಾಡ್ಲೇ ಇಲ್ಲ. ದಡದಲ್ಲೇ ಇದ್ದೆ."

ಯಾರೋ ಕೆಮ್ಮಿದರು. ಶಾಲು ಹೇಗೂ ಹೊದಿಸಿದರು, ಮೊದಲೇ ತಂದಿಟ್ಟಿದ್ದರಲ್ಲ.

ಮರ್ಯಾದೆ ತೆಗೆದೆ ಎಂದು ಅಪ್ಪ ಬೈಯುತ್ತಾರೆಂದು ಮೆಟ್ರೊದಲ್ಲಿ ಕಾದು ಕೂತೆ. ಎರಡು ನಿಲ್ದಾಣ ಕಳೆದ ಮೇಲೆ ಅಪ್ಪ ಬಾಯಿ ಬಿಟ್ಟರು.

"ಅಲ್ಲ, ವಿಶಾಖಪಟ್ಟಣಕ್ಕೆ ಆ ದೊಡ್ಡ ಚಂಡಮಾರುತ ಬಂತಲ್ಲ, ಆಗ ನೀನು ಎಲ್ಲಿದ್ದದ್ದು?"

"ಉಗ್ರಾಣದಲ್ಲಿ ಅಪ್ಪ. ಗಟ್ಟಿ ಕಟ್ಟಡ."

"ಫೋನ್ ಇತ್ತಾ?"

"ಇತ್ತು."

"ಮೂರು ದಿನ ನಂಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ?"

ಆಗುತ್ತಿತ್ತು. ನಡುಸಮುದ್ರದಲ್ಲಿ ಇರುವವಳು ಎಲ್ಲಿಂದ ಫೋನ್ ಮಾಡುತ್ತಾಳೆ, ಸುಳ್ಳು ಬಯಲಾಗುತ್ತದೆ ಎಂದು ನಾನೇ ಮಾಡಿರಲಿಲ್ಲ. ಹಾಗೆಂದೇ ಹೇಳಿದೆ. ಅಪ್ಪ ನನ್ನ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಫೋಟೊ ಇನ್ನೂ ಗೋಡೆಯ ಮೇಲಿದೆ. ನನಗೆ ಈಗಲೂ ಕೂರಲು ಬರುವುದಿಲ್ಲ. ತಲೆ ಕೆಟ್ಟರೆ ಲೋಕಲ್ ರೈಲು ಹತ್ತಿ ಸುಮ್ಮನೆ ಸಿಯಾಲ್ದಾ ನಿಲ್ದಾಣದವರೆಗೆ ಹೋಗಿಬಿಡುತ್ತೇನೆ. ಆದರೆ ಇಳಿದ ಕೂಡಲೇ ಫೋನ್ ಮಾಡುತ್ತೇನೆ.

"ಎಲ್ಲಿದ್ದಿ?"

"ಸಿಯಾಲ್ದಾ ಅಪ್ಪ. ನೆಲದ ಮೇಲೇ ಇದ್ದೇನೆ."

ಅಷ್ಟು ಕೇಳಿದ ಮೇಲೆಯೇ ಅವರು ಊಟಕ್ಕೆ ಕೂರುವುದು.