ಮಾವನವರ ಎಡಗೈ

ಸಂಗನಬಸಪ್ಪನವರಿಗೆ ಡ್ಯಾನ್ಸ್ ಬರುವುದಿಲ್ಲ ಎಂದರೆ ತಪ್ಪಾಗುತ್ತದೆ. ಅವರಿಗೆ ಎಡಗೈ ಕೊಡುವುದು ಬರುತ್ತಿರಲಿಲ್ಲ, ಅಷ್ಟೆ.

ಗದಗ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಜೀವಮಾನವಿಡೀ ಸೀಟಿ ಊದಿ ಬಸ್ಸುಗಳನ್ನು ಹಿಂದೆ ಮುಂದೆ ಮಾಡಿಸಿದ ಮನುಷ್ಯ, ಹ್ಯೂಸ್ಟನ್ನಿನಲ್ಲಿ ಮಗ ಶ್ರೀಶೈಲನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಬಾಲ್ಕನಿಯಲ್ಲಿ ನಿಂತು ಕೆಳಗೆ ಪಾರ್ಕಿಂಗ್ ಮಾಡುವವರಿಗೆಲ್ಲ ಕೈಸನ್ನೆ ಮಾಡತೊಡಗಿದರು. ಅದನ್ನು ನೋಡಲಾರದೆ ಸೊಸೆ ಪ್ರಗತಿ ಅವರನ್ನು ಶನಿವಾರ ಸಂಜೆಯ ಕಾಂಟ್ರಾ ಡ್ಯಾನ್ಸಿಗೆ ಕರೆದುಕೊಂಡು ಹೋದಳು. ಆಮೇಲೆ ಯಾಕಾದರೂ ಕರೆದುಕೊಂಡು ಹೋದೆನೋ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

ಕಾಂಟ್ರಾ ಅಂದರೆ ಜೋಡಿಗಳು ಎದುರುಬದುರು ಎರಡು ಸಾಲಾಗಿ ನಿಂತು ಪಿಟೀಲಿನ ಲಯಕ್ಕೆ ಆಡುವ ಕುಣಿತ, ನಮ್ಮ ಕೋಲಾಟದ ಹಾಗೆ, ಕೋಲಿಲ್ಲದೆ. ಮೈಕ್ ಹಿಡಿದವರು ಮುಂದಿನ ವರಸೆಯನ್ನು ಕೂಗುತ್ತಾರೆ. ಒಂದೊಂದು ಸುತ್ತಿಗೂ ಪ್ರತಿ ಜೋಡಿ ಒಂದು ಹೆಜ್ಜೆ ಸರಿದು ಹೊಸ ಜೋಡಿಯ ಎದುರು ಬರುತ್ತದೆ. ವರಸೆಗಳು ಸುಲಭ. ಒಂದರಿಂದ ಇನ್ನೊಂದಕ್ಕೆ ದಾಟುವ ಆ ಒಂದು ಕ್ಷಣವೇ ಕಷ್ಟ. ಎದುರಿನವರ ಬಲಗೈ ಹಿಡಿದು ತಿರುಗಿ, ಅದೇ ಓಟದಲ್ಲಿ ಬಿಟ್ಟು, ಗಂಡಸರಿಬ್ಬರೂ ನಡುವೆ ಬಂದು ಎಡಗೈ ಹಿಡಿದು ತಿರುಗಬೇಕು. ಅಲ್ಲಿ ಬಲಗೈ ಚಾಚಿದರೆ ಮೈಗೆ ಮೈ ತಾಗಿ ನಿಂತುಹೋಗುತ್ತದೆ, ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ.

ಮಾವನವರು ಹುಡುಗರಿಗೆಲ್ಲ ಎಡಗೈ ಕೊಡುತ್ತಿದ್ದರು. ಆದರೆ ಎಂಬತ್ತು ದಾಟಿದ ಹ್ಯಾಂಕ್ ಎಂಬ ಮುದುಕ ಎದುರು ಬಂದರೆ ಮಾತ್ರ ಬಲಗೈಯೇ ಮುಂದೆ ಬರುತ್ತಿತ್ತು. ಹ್ಯಾಂಕ್ ಎಡಗೈ ಚಾಚಿಕೊಂಡು ನಿಂತಿರುತ್ತಿದ್ದ, ಇವರು ಬಲಗೈ. ಸಾಲು ಅಲ್ಲಿಗೆ ಚಿಂದಿ.

"ಮಾವ, ಇಲ್ಲಿ ಎಡಗೈ ಕೊಟ್ರೆ ಯಾರೂ ತಪ್ಪು ತಿಳ್ಕೊಳಲ್ಲ."

"ಅವ್ರು ತಿಳ್ಕೊಳ್ಳಾಂಗಿಲ್ಲವಾ, ನಾ ತಿಳ್ಕೋತೀನಲ್ಲ. ಹಿರೇರಿಗೆ ಬರೇ ಎಡಗೈ ಹ್ಯಾಂಗ ಚಾಚೂದು?"

"ನಾಲ್ಕು ಜನ ಕೈ ಕೈ ಹಿಡಿದು ಸುತ್ತು ಹಾಕುವಾಗ ಅವರಿಗೂ ಎಡಗೈ ಕೊಡ್ತೀರಲ್ಲ ಮತ್ತೆ?"

"ಆಗ ಎರಡೂ ಕೈ ಇರ್ತಾವ. ಬಲಗೈ ಸಾಕ್ಷಿ ಇರ್ತದ."

ಇದನ್ನು ಫೋನಿನಲ್ಲಿ ಶ್ರೀಶೈಲನಿಗೆ ಹೇಳಿದರೆ ಅವನು ಕೆಲಸದ ಮೇಲೆ ಹೋಗಿದ್ದ ಡಾಲಸ್ಸಿನ ಆಫೀಸಿನಲ್ಲಿ ಕೂತು ನಕ್ಕ. ನಗುವುದಕ್ಕೇನು, ಸಾಲಿನಲ್ಲಿ ನಿಲ್ಲಬೇಕಾದವಳು ಇವಳು ತಾನೆ.

ಅದೂ ಮುಂದಿನ ಶನಿವಾರ ಮಾಮೂಲಿನದಲ್ಲ. ವರಸೆ ಕೂಗುವ ಹಿರಿಯಾಕೆ ಮಾರ್ಗರೆಟ್ ಮೊದಲ ಸಲ ಪ್ರಗತಿಯ ಕೈಗೆ ಮೈಕ್ ಕೊಡುವವಳಿದ್ದಳು. ಒಂದೇ ಒಂದು ಡ್ಯಾನ್ಸು. ಚೆನ್ನಾಗಿ ಆದರೆ ಆಸ್ಟಿನ್ನಿನ ದೊಡ್ಡ ಕೂಟದಲ್ಲೂ ಕೂಗಬಹುದು. ಪ್ರಗತಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ಬೇಕು ಅಂತ ಬಾಯಿಬಿಟ್ಟು ಹೇಳಲೂ ಹೆದರಿಕೆ. ಮಗಳು ದಿಯಾ ಹುಟ್ಟಿದ ಮೇಲೆ ಅವಳು ಹೇಳಿದ ಮಾತನ್ನು ಮೊದಲ ಸಲಕ್ಕೇ ಯಾರಾದರೂ ಕೇಳಿದ್ದುಂಟೆ? ಇಲ್ಲಿ ಒಂದು ಹಾಲ್ ತುಂಬ ಜನ ಕೇಳುತ್ತಾರೆ.

ಪ್ರಗತಿ ಮೈಕ್ ಹಿಡಿದು ವೇದಿಕೆ ಹತ್ತಿದಾಗ ದಿಯಾ ಕುರ್ಚಿಯ ಕೆಳಗೆ ನುಸುಳುತ್ತಿದ್ದಳು. ಬೆರಳು ಸಿಕ್ಕಿಕೊಂಡರೆ? ನೆಲ ಬೇರೆ ನುಣ್ಣಗೆ, ಮಾವನವರ ಮಂಡಿ ಬೇರೆ ನೆಟ್ಟಗಿಲ್ಲ. ಅಷ್ಟರಲ್ಲಿ ಕಂಡಿತು: ಅವತ್ತು ಜನ ಕಮ್ಮಿ, ಜೋಡಿಗಳದ್ದು ಒಂದೇ ತಂಡ, ಎಲ್ಲರೂ ಎಲ್ಲರಿಗೂ ಎದುರಾಗುವವರೇ. ಮಾವನವರಿಂದ ಎರಡು ಜೋಡಿ ಆಚೆಗೆ ಹ್ಯಾಂಕ್.

ಮೊದಲು ಸಂಗೀತವಿಲ್ಲದೆ ಎರಡು ಮೂರು ಸಲ ನಡೆದು ನೋಡುವ ರೂಢಿ. ಮೊದಲ ಸಲ ಸರಿಯಾಯಿತು. ಎರಡನೆಯ ಸಲವೂ ಆಯಿತು. ಮೂರನೆಯದಕ್ಕೆ ಹ್ಯಾಂಕ್ ಬಂದ, ಬಲಗೈ ಬಂತು, ಸಾಲು ನಿಂತಿತು. ಮಾರ್ಗರೆಟ್ ಗೋಡೆಗೆ ಒರಗಿ ನೋಡುತ್ತಿದ್ದಳು.

ಪ್ರಗತಿ ಮೈಕಿನಲ್ಲೇ ಕನ್ನಡಕ್ಕೆ ಇಳಿದಳು. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದು ದಿನ ಎಡಗೈ ಕೊಡಿ. ಇಲ್ಲಾಂದ್ರೆ ಕೂತ್ಕೊಂಡುಬಿಡಿ."

ಕೂರುವ ಮಾತು ಬಂದದ್ದೇ ಅವರ ಮುಖ ಇಳಿದುಹೋಯಿತು. "ಬೇರೆ ಏನರೆ ಹಾದಿ ಇಲ್ಲೇನವಾ?" ಎಂದರು, ತಪ್ಪು ಪ್ಲಾಟ್‌ಫಾರ್ಮಿಗೆ ಬಂದ ಪ್ರಯಾಣಿಕನ ಹಾಗೆ.

ಹಾದಿ ಇತ್ತು. ನಡುವೆ ಹೋಗಿ ಎಡಗೈ ಹಿಡಿಯಬೇಕಾದವರು ಗಂಡಸರು ಮಾತ್ರ. ಹೆಂಗಸಿನ ಜಾಗದಲ್ಲಿ ನಿಂತರೆ ಹ್ಯಾಂಕಿಗೆ ಬಲಗೈ ಕೊಟ್ಟು ತಿರುಗಿದರೆ ಮುಗಿಯಿತು. ಇಲ್ಲಿ ಗಂಡಸರು ಕಮ್ಮಿಯಾದಾಗ ಹೆಂಗಸರು ಟೈ ಕಟ್ಟಿಕೊಂಡು ಗಂಡಸಿನ ಜಾಗಕ್ಕೆ ಬರುವುದುಂಟು. ಆದರೆ ಗದಗಿನ ಕಂಟ್ರೋಲರಿಗೆ ಹೆಂಗಸಿನ ಕಡೆ ನಿಲ್ಲಿ ಎಂದು ಸೊಸೆ ಹೇಳುವುದು ಹೇಗೆ? ಹೇಳಿದಳು, ಕಣ್ಣು ಮುಚ್ಚಿಕೊಂಡು.

"ಅಷ್ಟೇನು?" ಎಂದರು ಮಾವನವರು, ತಮಗೆ ಜೋಡಿಯಾಗಿ ನಿಂತಿದ್ದ ಹೆಂಗಸಿನತ್ತ ಕೈ ತೋರಿಸಿ. "ಸಣ್ಣಾವಿದ್ದಾಗ ಊರಾಗ ದೊಡ್ಡಾಟದಾಗ ರಾಣಿ ಪಾರ್ಟ್ ಮಾಡೀನಿ. ಈಕೀ ಕೊರಳಾಗ ಟೈ ಹಾಕ್ರಿ. ನಿನ್ನ ವೇಲ್ ಇತ್ತ ಕೊಡು."

ಜೊತೆಗಾತಿ ಟೈ ಬಿಗಿದುಕೊಂಡಳು. ಪ್ರಗತಿಯ ಹಸಿರು ವೇಲನ್ನು ಹೊದ್ದು ಮಾವನವರು ಈಚೆ ಬದಿಗೆ ಬಂದರು. ಪಿಟೀಲು ಶುರುವಾಯಿತು. ಒಂದು ಜೋಡಿ ದಾಟಿತು, ಇನ್ನೊಂದು ದಾಟಿತು, ಹ್ಯಾಂಕ್ ಬಂದ. ಪ್ರಗತಿ ಮೈಕನ್ನು ಬಾಯಿಗೆ ಒತ್ತಿ ಹಿಡಿದು ವರಸೆ ಕೂಗಿದಳು. ಮಾವನವರು ತಲೆ ಬಾಗಿಸಿ ಬಲಗೈ ಕೊಟ್ಟರು, ತಿರುಗಿದರು, ಬಿಟ್ಟರು. ಹ್ಯಾಂಕ್ ನಡುವೆ ಹೋಗಿ ಟೈ ಕಟ್ಟಿದವಳ ಎಡಗೈ ಹಿಡಿದ. ಮಾವನವರು ವೇಲು ಸರಿಮಾಡಿಕೊಂಡು ರಾಣಿಯ ಹಾಗೆ ಕಾದರು. ಸಾಲು ಎಲ್ಲೂ ನಿಲ್ಲಲಿಲ್ಲ.

ಮುಗಿದ ಮೇಲೆ ಮಾರ್ಗರೆಟ್ ಬಂದು, ಆಸ್ಟಿನ್ನಿನಲ್ಲಿ ಎರಡು ಡ್ಯಾನ್ಸ್ ನಿನ್ನವು ಎಂದಳು. ಹಸಿರು ವೇಲಿನವರನ್ನು ತಪ್ಪದೆ ಕರೆದುಕೊಂಡು ಬಾ ಎಂದೂ ಹೇಳಿದಳು.

ವಾಪಸ್ ಬರುವಾಗ ಕಾರಿನಲ್ಲಿ ದಿಯಾ, "ಅಜ್ಜಾ ವಾಸ್ ದ ಲೇಡಿ," ಎಂದು ಹಾಡುತ್ತಲೇ ಇದ್ದಳು. ಪ್ರಗತಿಗೆ ಒಂದು ನಿಮಿಷ ಸುಮ್ಮನೆ ಖುಷಿಪಡುವ ಆಸೆ. ಹಿಂದಿನ ಸೀಟಿನಿಂದ ಮಾವನವರು ಕೆಮ್ಮಿದರು.

"ಪ್ರಗತಿ, ಆಸ್ಟಿನ್ನದಾಗ ನಡುವ ಯಾರು ಹೋಗೋದು, ಗಂಡಸ್ರೋ ಹೆಂಗಸ್ರೋ?"

"ಒಂದರಲ್ಲಿ ಇವರು, ಒಂದರಲ್ಲಿ ಅವರು, ಮಾವ."

"ಹಂಗಾರ ನನಕಿಂತ ಹಿರೇರು ಯಾವ ಕಡೆ ಎಷ್ಟು ಮಂದಿ ಬರ್ತಾರ, ಈಗ್ಲೇ ಫೋನ್ ಮಾಡಿ ಕೇಳಿ ಇಡು. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

ಪ್ರಗತಿ ಸಿಗ್ನಲ್ಲಿನಲ್ಲಿ ನಿಂತಳು. ದೀಪ ಹಸಿರಾದರೂ ಹೊರಡಲಿಲ್ಲ. ಹಿಂದಿನಿಂದ ಮಾವನವರು ಕೈ ಮುಂದೆ ಚಾಚಿ, ಬಲಗೈಯನ್ನೇ, ಹೋಗು ಹೋಗು ಎಂದು ಬೀಸಿದರು.