ಅಂಗೈಯ ಬೆಳಕಿನ ಹುಡುಗಿಗೆ ಗುರು ಬೇಕಿತ್ತು

ಕಳೆದ ವಾರ ಬ್ರಹ್ಮಾವರದ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದರೆ ಒಣಮೀನಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗಿದ್ದದ್ದು ಹಳೆಯ ವಾರಪತ್ರಿಕೆಗಳು, ನನ್ನ ಧಾರಾವಾಹಿಯ ಕಂತುಗಳು. ಹೆಂಡತಿ ಮೂಗು ಮುಚ್ಚಿಕೊಂಡು ಇದನ್ನು ಹೊರಗಿಡಿ ಎಂದಳು. ನಾನು ಇಡಲಿಲ್ಲ. ಆ ಕಂತುಗಳನ್ನೆಲ್ಲ ಕುಂದಾಪುರದ ಹೊಳೆದಂಡೆಯ ಒಂದು ಅಂಗಳದಲ್ಲಿ, ಮೀನು ಒಣಹಾಕಿದ ಚಾಪೆಯ ಪಕ್ಕ ಕೂತು ಓದಿ ಹೇಳಿದ್ದೆ. ಕೇಳುತ್ತಿದ್ದವರು ನೆರೆಮನೆಯ ಅಕ್ಕ...

ತೊಂಬತ್ತೆಂಟರ ಸುಮಾರು. ನಾನು ಕೆರಾಡಿಯಿಂದ ಬಂದು ಕೋಟೇಶ್ವರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ, ಕುಂದಾಪುರದ ಹೊಳೆದಂಡೆಯಲ್ಲಿ ರೂಮು ಮಾಡಿಕೊಂಡಿದ್ದೆ. ಅಲ್ಲೇ ಅಚ್ಚಾಗುತ್ತಿದ್ದ ವಾರಪತ್ರಿಕೆಗೆ ಧಾರಾವಾಹಿ ಬರಿ ಎಂದು ಸಂಪಾದಕರು ಹೇಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೈಂದೂರು ದಾಟಿ ಹೋದವನಲ್ಲ, ಬರೆಯಹೊರಟದ್ದು ಮುಂಬಯಿಯ ಮೇಲೆ. ಲೋಕಲ್ ಟ್ರೈನಿನಲ್ಲಿ ಯಕ್ಷಿಯರು, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಬ್ರಹ್ಮರಾಕ್ಷಸ, ಚರಂಡಿಯೊಳಗೆ ನಾಗಲೋಕದ ಬಾಗಿಲು. ವಾರಕ್ಕೊಂದು ಹೊಸ ಭೂತ ಬರುತ್ತಿತ್ತು; ಹಿಂದಿನ ವಾರದ್ದು ಎಲ್ಲಿ ಹೋಯಿತೆಂದು ನನಗೇ ನೆನಪಿರುತ್ತಿರಲಿಲ್ಲ. ಈ ಗಲಾಟೆಯ ನಡುವೆ ಊರಿಂದ ಬಂದ ಹದಿನೆಂಟರ ಹುಡುಗಿ. ಅವಳಿಗೆ ಏನೂ ಗೊತ್ತಿಲ್ಲ, ಆದರೆ ಪ್ರಾಣಕ್ಕೆ ಕುತ್ತು ಬಂದಾಗ ಅಂಗೈಯಿಂದ ಬೆಳಕು ಚಿಮ್ಮುತ್ತದೆ. ಕಂತು ಮುಗಿಸಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಹೊಳೆಯ ನೀರು ಇಳಿದಾಗ ಮಳಿ ಹೆಕ್ಕುವುದು ಅವರ ಕಸುಬು. ಮರಳಿನೊಳಗೆ ಅಡಗಿದ ಆ ಚಿಪ್ಪುಮೀನುಗಳನ್ನು ಕಾಲಿನಿಂದ ತಡವಿ, ಕೈಯಿಂದ ಎತ್ತಿ, ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದರು. ಮೊದಲ ನಾಲ್ಕು ಕಂತು ಸುಮ್ಮನೆ ಕೇಳಿದರು. ಐದನೆಯದರಲ್ಲಿ ನನ್ನ ನಾಯಕಿ ಮುಂಬಯಿಯ ಖಾರಿಗೆ, ಅಂದರೆ ಊರೊಳಗೆ ಚಾಚಿದ ಕಡಲ ಹಿನ್ನೀರಿಗೆ ಹಾರಿ, ನೀರಿನೊಳಗಿನ ರಾಕ್ಷಸನನ್ನು ಸುಟ್ಟು ಎದ್ದುಬಂದಳು. ಅಕ್ಕ ಮೀನು ಮಗುಚುವುದನ್ನು ನಿಲ್ಲಿಸಿದರು.

“ಆ ಹೆಣ್ಣಿಗೆ ಈಜುಕೆ ಯಾರ್ ಕಲ್ಸಿದ್?”

ಯಾರೂ ಇಲ್ಲ ಅಕ್ಕ, ಹುಟ್ಟಿನಿಂದ ಬಂದ ಶಕ್ತಿ ಎಂದೆ.

“ಹುಟ್ತಾ ಈಜುದ್ ಮೀನ್. ಹೆಣ್ಣಿಗೆ ಯಾರಾರೂ ಕಲ್ಸ್ಕ್.”

ಯಾರಾದರೂ ಕಲಿಸಿರಲೇಬೇಕು ಎಂದು ಆಮೇಲೆ ಪ್ರತಿ ವಾರ ಇದೇ ತಕರಾರು. ಮಂತ್ರ ಯಾರು ಕಲಿಸಿದರು, ಭೂತದ ಗುರುತು ಹಿಡಿಯಲು ಯಾರು ಕಲಿಸಿದರು, ಕಳೆದ ವಾರ ಮಾಡಿದ ತಪ್ಪನ್ನೇ ಈ ವಾರವೂ ಮಾಡಿದಳಲ್ಲ... ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಷರ ಬಾರದವರಿಂದ ವಿಮರ್ಶೆ ಕೇಳಬೇಕೆ ಎಂಬ ಸೊಕ್ಕು, ಮುಚ್ಚುಮರೆ ಏಕೆ. ಕಥೆ ಅಂದರೆ ಕಥೆ, ಬೇಕಾದರೆ ಕೇಳಿ ಎಂದು ಒಂದು ದಿನ ಸಿಡುಕಿದೆ. ಆಗ ಅವರು ಹೇಳಿದರು. ಅವರ ಒಬ್ಬಳೇ ಮಗಳು ಹದಿನಾರಕ್ಕೆ ಅದೇ ಹೊಳೆಯಲ್ಲಿ ಮುಳುಗಿ ಹೋಗಿದ್ದಳು. ದಿನಾ ಮಾರಾಟದ ಅವಸರ, ನೀರಿನ ನಡೆಯನ್ನು ಕೂತು ಕಲಿಸಲು ಪುರುಸೊತ್ತಿಲ್ಲ, ನೋಡಿ ನೋಡಿ ತಾನೇ ಕಲಿಯುತ್ತಾಳೆ ಎಂದುಕೊಂಡಿದ್ದರು. ಒಂದು ಬೆಳಿಗ್ಗೆ ಇವರಿಗೆ ಜ್ವರ. ಮಗಳು ಒಬ್ಬಳೇ ಇಳಿದಳು.

“ನೀ ವಾರ ವಾರ ಆ ಕಥಿ ಹೆಣ್ಣನ್ ಬದ್ಕಿಸ್ತೆ. ನಂಗ್ ಸಿಟ್ಟ್ ಬಪ್ಪುದ್ ಅದ್ಕೇ,” ಎಂದರು. “ಅದ್ಕ್ ಒಬ್ರ್ ಕಲ್ಸುವರ್ ಸಿಕ್ಕುವರೆಗೆ ನಂಗ್ ಓದಿ ಹೇಳ್ಬೇಡ.”

ನಾನು ರೂಮಿಗೆ ಹೋಗಿ ಒಬ್ಬ ಗುರುವನ್ನು ಬರೆದೆ. ಗಡ್ಡದ ಸಾಧು, ಹುಡುಗಿಯ ತಲೆ ಮುಟ್ಟುತ್ತಾನೆ, ಅವಳಿಗೆ ಎಲ್ಲ ಬಂದುಬಿಡುತ್ತದೆ. ಓದಿಕೊಂಡಾಗ ನನಗೇ ನಾಚಿಕೆಯಾಗಿ ಹರಿದುಹಾಕಿದೆ. ಕೈಯಿಂದ ಮಾಡುವ ಒಂದು ಕೆಲಸವನ್ನೂ ಯಾರಿಂದಲೂ ಕಲಿತವನಲ್ಲ ನಾನು, ಬರೆಯುವುದು ಎಲ್ಲಿಂದ? ಭಾನುವಾರ ಬೆಳಿಗ್ಗೆ ಅವರ ಅಂಗಳದಲ್ಲಿ ನಿಂತು ನನಗೆ ಕಲಿಸಿ ಎಂದೆ. ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬುಟ್ಟಿ ಎತ್ತಿಕೊಂಡರು.

“ಲುಂಗಿ ಎತ್ತಿ ಕಟ್ಟ್. ಬಾ.”

ಮೊದಲ ಮೂರು ಭಾನುವಾರ ಮಳಿ ಮುಟ್ಟಲೂ ಬಿಡಲಿಲ್ಲ. ಮೊಣಕಾಲು ನೀರಿನಲ್ಲಿ ನಿಲ್ಲಿಸಿ, ನೀರು ಯಾವ ಕಡೆ ಹೋಗುತ್ತಿದೆ ಹೇಳು ಎನ್ನುವರು. ಅಷ್ಟೇ ಪಾಠ. ನನಗೆ ನಗು. ಕೆರಾಡಿಯ ಹಳ್ಳ ನಾನು ಕಂಡಾಗಿನಿಂದ ಒಂದೇ ಕಡೆ ಹರಿದದ್ದು. ಹೊಳೆ ಕಡಲಿಗೆ ಹೋಗುತ್ತದೆ, ಅದರಲ್ಲಿ ಕೇಳುವುದೇನಿದೆ? ಕಡಲ ಬದಿಯ ಹೊಳೆ ದಿನಕ್ಕೆರಡು ಸಲ ಹಿಂದಕ್ಕೆ ತಿರುಗುತ್ತದೆಂದು ಅವರು ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ನಾಲ್ಕನೆಯ ಭಾನುವಾರ ಹೊಳೆಯ ನಡುವಿನ ಮರಳುದಿಣ್ಣೆಯಲ್ಲಿ ತಲೆ ಬಗ್ಗಿಸಿ ಹೆಕ್ಕುತ್ತ ಹೋದೆ. ತಲೆಯೆತ್ತಿದಾಗ ನೀರು ಕಡಲ ಕಡೆಯಿಂದ ಒಳಗೆ ಬರುತ್ತಿತ್ತು. ಬರುವಾಗ ಮೊಣಕಾಲಿಗಿದ್ದ ಜಾಗದಲ್ಲಿ ಈಗ ಎದೆಮಟ್ಟದ ಸೆಳೆತ. ಹೆದರಿಕೆಯಲ್ಲಿ ನೆಟ್ಟಗೆ ದಡದ ಕಡೆಗೇ ನುಗ್ಗಿದೆ.

“ಹ್ವಾಯ್, ಆ ಬದಿ ಅಲ್ಲ, ನಿಲ್ಲ್ ಅಲ್ಲೇ.”

ಅಕ್ಕ ಮೇಲಿನ ಬದಿಯಿಂದ, ನೀರಿನಡಿಯ ಗಟ್ಟಿ ಮರಳನ್ನು ಕಾಲಲ್ಲೇ ಹುಡುಕುತ್ತ ನಡೆದುಬಂದು ನನ್ನ ಅಂಗಿಯ ಕಾಲರು ಹಿಡಿದರು. ಅದೇ ದಾರಿಯಲ್ಲಿ ಎಳೆದುಕೊಂಡು ಹೋಗಿ ದಡಕ್ಕೆ ಹಾಕಿದರು. ದಡ ಸೇರಿದ ಮೇಲೂ ಕಾಲರು ಬಿಡಲಿಲ್ಲ. ಅವರ ಮಗಳು ಹೋದದ್ದೂ ಅದೇ ದಿಣ್ಣೆಯಿಂದ... ಅದು ನನಗೆ ಆಮೇಲೆ ಗೊತ್ತಾಯಿತು. ಮುಂದಿನ ಭಾನುವಾರ ನಾನು ಹೊದ್ದು ಮಲಗಿದ್ದರೆ ಬಾಗಿಲು ಬಡಿದು ಎಬ್ಬಿಸಿ, ಮತ್ತೆ ಅಲ್ಲಿಗೇ ಕರೆದುಕೊಂಡು ಹೋದರು. ಆ ಮಳೆಗಾಲದ ಹೊತ್ತಿಗೆ ನೀರು ತಿರುಗುವುದು ನನ್ನ ಕಾಲಿಗೆ ತಿಳಿಯತೊಡಗಿತ್ತು.

ನನ್ನ ನಾಯಕಿಗೂ ಖಾರಿಯಲ್ಲಿ ಮಳಿ ಹೆಕ್ಕುವ ಒಬ್ಬ ಹೆಂಗಸು ಗುರುವಾಗಿ ಸಿಕ್ಕಿದಳು. ಸಂಪಾದಕರು ಓದಿ, ಇದರಲ್ಲಿ ಹುಡುಗಿ ನೀರಲ್ಲಿ ನಿಂತದ್ದು ಬಿಟ್ಟರೆ ಏನೂ ಆಗುವುದಿಲ್ಲವಲ್ಲ ಮಾರಾಯ ಎಂದು ಧಾರಾವಾಹಿಯನ್ನೇ ನಿಲ್ಲಿಸಿದರು. ಹಸ್ತಪ್ರತಿಯನ್ನೇ ಅಕ್ಕನಿಗೆ ಓದಿ ಹೇಳಿದೆ. ಹೊಗಳುತ್ತಾರೆಂದು ಕಾದರೆ, “ಒಂದೇ ವಾರದೊಳ್ಗೆ ಕಲ್ತ್ ಮುಗಿತಾ? ನಾ ನಂಬುದಿಲ್ಲ,” ಎಂದರು.

ಆಮೇಲೆ ನನಗೆ ಬ್ರಹ್ಮಾವರದಲ್ಲಿ ಕೆಲಸವಾಯಿತು, ಮದುವೆಯಾಯಿತು. ಆದರೆ ಆ ಭಾಗವನ್ನು ತಿದ್ದುವುದು ಬಿಡಲಿಲ್ಲ. ವರ್ಷಕ್ಕೆರಡು ಸಲವಾದರೂ ಹಾಳೆ ಹಿಡಿದು ಬಸ್ಸು ಹತ್ತುತ್ತಿದ್ದೆ. ಅವರು ಪ್ರತಿ ಸಲ ತಪ್ಪು ಹುಡುಕಿ ವಾಪಸ್ಸು ಕಳಿಸುತ್ತಿದ್ದರು. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಒಂದು ಕಂತು ಮೂರು ಅಧ್ಯಾಯವಾಯಿತು. ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚಿಕೊಂಡೇ ಮೂರನ್ನೂ ಕೇಳಿದರು.

“ಈಗ ಸ್ವಲ್ಪ ನಂಬುಕ್ ಆತ್,” ಎಂದರು. “ಆರೆ ಅದ್ ಇನ್ನೊಂದ್ ತಪ್ಪ್ ಮಾಡ್ಕ್. ಕಲ್ಸುವರ್ ಹತ್ರ ಇಪ್ಪೊತ್ತಿಗೇ ಮಾಡ್ಕ್.”

ಮನೆಗೆ ಬಂದು, ಕಲಿಸುವವಳು ಪಕ್ಕದಲ್ಲಿರುವಾಗಲೇ ಹುಡುಗಿ ಮಾಡುವ ಆ ತಪ್ಪನ್ನು ಬರೆದೆ. ಎರಡು ವಾರ ಹಿಡಿಯಿತು. ತೆಗೆದುಕೊಂಡು ಹೋದಾಗ ಅಕ್ಕ ಇರಲಿಲ್ಲ... ಹಾಳೆಗಳನ್ನು ಮಡಚಿಕೊಂಡು ವಾಪಸ್ಸು ಬಸ್ಸು ಹತ್ತಿದೆ.

ಈಚೆಗೆ ಒಬ್ಬ ಪ್ರಕಾಶಕರು ಪುಸ್ತಕ ಮಾಡುತ್ತೇನೆಂದು ಮುಂದೆ ಬಂದಿದ್ದರು. ಮೊನ್ನೆ ಫೋನು ಮಾಡಿ, ಭೂತಗಳು ಚೆನ್ನಾಗಿವೆ, ನೀರಿನ ಮೂರು ಅಧ್ಯಾಯ ತೆಗೆದು ಒಂದು ಪುಟ ಮಾಡಿ, ಹೇಗೂ ಅಂಗೈಯಲ್ಲಿ ಬೆಳಕಿದೆಯಲ್ಲ ಎಂದರು. ಆಗುವುದಿಲ್ಲ ಎಂದೆ. ಹಾಗಾದರೆ ಕಷ್ಟ ಎಂದರು. ಕಷ್ಟವಾಗಲಿ ಎಂದು ಫೋನು ಇಟ್ಟೆ. ಇನ್ನೊಬ್ಬರಿಗೆ ಕಳಿಸುತ್ತೇನೆ, ಅವರೂ ಬೇಡವೆಂದರೆ ಮತ್ತೊಬ್ಬರಿಗೆ.

ನಿನ್ನೆ ಕೂತು ಆ ಬೆಳಕನ್ನೇ ಕಥೆಯಿಂದ ತೆಗೆದುಹಾಕಿದೆ. ಈಗ ಹುಡುಗಿಗೆ ನೀರು ತಿರುಗಿದ್ದು ಕಾಲಿಗೇ ತಿಳಿಯುತ್ತದೆ. ಬುಟ್ಟಿ ಎತ್ತಿಕೊಂಡು, ಅವಸರವಿಲ್ಲದೆ, ನಡೆದುಕೊಂಡೇ ದಡಕ್ಕೆ ಬರುತ್ತಾಳೆ. ಈ ಪುಟವನ್ನೂ ಅಕ್ಕ ಕೇಳಲಿಲ್ಲ.