ವರ್ನಾ ಅಂದ ಒಂದು ಆಮೆನ್

ನ್ಯಾಶ್‌ವಿಲ್‌ನ ನಮ್ಮ ಹಾಡಿನ ಕಂಪನಿಯಲ್ಲಿ ವರ್ನಾ ಟಿಡ್ವೆಲ್‌ಳ ಪಕ್ಕದ ಮೇಜಿಗೆ ಹನ್ನೊಂದು ವರ್ಷ ಕೂತವನು ನಾನು. ಕ್ರೈಸ್ತ ಹಾಡುಗಳನ್ನು ರೇಡಿಯೊದವರ ಕಿವಿಗೆ ಹಾಕುವುದು ನಮ್ಮಿಬ್ಬರ ಕೆಲಸ. ನಮ್ಮವರದೇ ಕ್ರೈಸ್ತ ಸ್ಟೇಷನ್ನುಗಳು ಕೇಳಿ ಪಡೆದು ಹಾಕುತ್ತಿದ್ದವು. ಊರೆಲ್ಲ ಕೇಳುವ ದೊಡ್ಡ ಸ್ಟೇಷನ್ನುಗಳು ಮಾತ್ರ ಯೇಸುವಿನ ಸುಳಿವು ಸಿಕ್ಕರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದವು. ಕುಡಿತ, ಹಾದರ, ಬಂದೂಕು ಎಲ್ಲ ನಡೆಯುತ್ತದೆ. ಪ್ರಾರ್ಥನೆ ಅಂದರೆ ಕೇಳುಗರಿಗೆ ಮುಜುಗರವಂತೆ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ವರ್ನಾಗೆ ಉರಿಯುತ್ತಿರಲಿಲ್ಲ. ಮೂವತ್ತು ವರ್ಷ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿದ ತಾಳ್ಮೆ ಅವಳದು. ದೊಡ್ಡ ಸ್ಟೇಷನ್ನಿನವರು ನಮ್ಮಂಥವರ ಫೋನು ಎತ್ತುತ್ತಿದ್ದುದು ವಾರಕ್ಕೊಮ್ಮೆ, ಮಂಗಳವಾರ ಎರಡರಿಂದ ನಾಲ್ಕರವರೆಗೆ. ಅಷ್ಟು ಹೊತ್ತೂ ಅವಳು ಊಟ ನೀರು ಬಿಟ್ಟು ಫೋನಿಗೆ ಅಂಟಿಕೊಂಡಿರುತ್ತಿದ್ದಳು.

ತೊಂಬತ್ತಾರರಲ್ಲಿ ಡ್ಯೂಯಿ ಪ್ರೂಯಿಟ್‌ನ ಹಾಡು ಬಂತು. ಅವನು ನಲ್ಲಿ, ಪೈಪು ರಿಪೇರಿ ಮಾಡುವವನು. ಆಸ್ಪತ್ರೆಯಲ್ಲಿ ಸಾಯುವ ಹಾಗೆ ಮಲಗಿದ್ದಾಗ ತಲೆದೆಸೆಯಲ್ಲಿ ದೇವರು ಕೂತಿದ್ದ ಎಂದು ನಂಬಿ ಬರೆದ ಹಾಡದು. ಹಾಡಿನಲ್ಲಿ ದೇವರ ಹೆಸರಿಲ್ಲ, 'ನೀನು' ಎಂದಷ್ಟೇ ಇದೆ. ನಮ್ಮ ಯಜಮಾನರು ಖಂಡತುಂಡವಾಗಿ ಹೇಳಿದ್ದರು: ಬರುವ ಮಂಗಳವಾರ ಒಂದಾದರೂ ದೊಡ್ಡ ಸ್ಟೇಷನ್ನು ಹಾಡನ್ನು ತೆಗೆದುಕೊಳ್ಳದಿದ್ದರೆ ಡ್ಯೂಯಿಯನ್ನು ಕೈಬಿಡುತ್ತೇವೆ.

ವರ್ನಾ ಆಗ ಮಾಡಬಾರದ್ದನ್ನು ಮಾಡಿದಳು. ಕಂಪನಿಯ ಹೆಸರಿಲ್ಲದ ಬಿಳಿ ಕವರಿನಲ್ಲಿ, ತನ್ನ ಹೆಸರು ನಂಬರು ಮಾತ್ರ ಬರೆದು, ಸಿಡಿ ಕಳಿಸಿದಳು. ಓಹಾಯೊದ ಒಂದು ಸ್ಟೇಷನ್ನಿನಲ್ಲಿ ಹಾಡು ಆರಿಸುವ ಗ್ಯಾರಿ ಸ್ಟಾಂಕೊ ಹೊಸಬ, ನಮ್ಮ ಕಂಪನಿ ಎಂಥದೆಂದು ತಿಳಿಯದವನು. ಸಿಡಿ ಕೈಸೇರಿದ ದಿನ ಅವನೇ ಫೋನು ಮಾಡಿ, "ಹೆಂಡ್ತಿಗೆ ಬರೆದದ್ದಾ?" ಎಂದು ಕೇಳಿದಾಗ, "ಪ್ರೀತಿಯ ಹಾಡು ಗ್ಯಾರಿ, ಅಷ್ಟೇ" ಎಂದುಬಿಟ್ಟಳು.

ಆ ಮಂಗಳವಾರ ಮೂರೂವರೆಯಾದರೂ ಎಲ್ಲ ಕಡೆಯಿಂದಲೂ ಇಲ್ಲ ಎಂಬುದೇ ಉತ್ತರ. ಉಳಿದದ್ದು ಗ್ಯಾರಿ ಒಬ್ಬನೇ ಅನ್ನಿಸಿತ್ತು. ವರ್ನಾ ಅವನಿಗೆ ಫೋನು ಹಚ್ಚಿದಳು.

"ನಮ್ಮವರೆಲ್ಲ ಇಲ್ಲೇ ಕೂತಿದಾರೆ ವರ್ನಾ. ಸ್ಪೀಕರಿಗೆ ಹಾಕಿದೀನಿ, ನೀನೂ ಲೈನಲ್ಲೇ ಇರು. ಹಾಡು ಮುಗೀಲಿ, ಬೇಕು ಅನ್ನೋರ ಕೈ ಎತ್ತಿಸ್ತೀನಿ" ಎಂದ ಗ್ಯಾರಿ.

ನನಗೂ ಕೇಳಲೆಂದು ವರ್ನಾ ನಮ್ಮ ಫೋನಿನ ಸ್ಪೀಕರು ಗುಂಡಿ ಒತ್ತಿದಳು. ಹಾಡು ಶುರುವಾಯಿತು. ಆ ಕಡೆ ಒಬ್ಬರೂ ಕೆಮ್ಮಲಿಲ್ಲ. ಕಾಗದ ಸರಿದಾಡುವ ಸದ್ದೂ ನಿಂತಿತು. ಬಿತ್ತು ಹಣ್ಣು ಮಡಿಲಿಗೆ ಎಂದುಕೊಂಡೆ. ಡ್ಯೂಯಿಯ ದನಿ ಕೊನೆಯ ಸಾಲಿಗೆ ಸ್ವಲ್ಪ ಒಡೆಯಿತು, ಪಿಯಾನೊ ನಿಂತಿತು.

"ಆಮೆನ್!" ಎಂದಳು ವರ್ನಾ. ಕಣ್ಣು ಮುಚ್ಚಿ, ಬಾಯಿತುಂಬ, ಚರ್ಚಿನ ಎರಡನೇ ಸಾಲಿನ ಬೆಂಚಿನಲ್ಲಿ ಪ್ರತಿ ಪ್ರಾರ್ಥನೆಯ ಕೊನೆಗೂ ಐವತ್ತು ವರ್ಷ ಅಂದ ಹಾಗೆ.

ಆ ಕಡೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಗ್ಯಾರಿಯ ದನಿ: "ವರ್ನಾ, ಇದು ಚರ್ಚಿನ ಹಾಡಾ?"

'ಅಲ್ಲ ಅನ್ನು' ಎಂದು ಚೀಟಿಯಲ್ಲಿ ಗೀಚಿ ಅವಳ ಮುಂದೆ ತಳ್ಳಿದೆ. ಅವಳು ಓದಿದಳು. ಚೀಟಿಯನ್ನು ಮಗುಚಿ ಇಟ್ಟಳು.

"ಹೌದು ಗ್ಯಾರಿ. ನಿನ್ನಿಂದ ಮುಚ್ಚಿಟ್ಟೆ. ತಪ್ಪಾಯ್ತು."

"ಕೈ ಎತ್ತೋರಿದ್ರು ಕಣಮ್ಮಾ ಇವ್ರು. ಇನ್ನಾಗಲ್ಲ."

ಲೈನು ಕಟ್ಟಾಯಿತು. ನಾನು ಸಿಟ್ಟಿನಲ್ಲಿ, "ಒಂದು ನಿಮಿಷ ಬಾಯಿ ಬಿಗಿಹಿಡಿಯೋಕಾಗ್ಲಿಲ್ವಾ ನಿಂಗೆ? ಡ್ಯೂಯಿ ಬಾಳು ಹಾಳು ಮಾಡ್ದೆ!" ಎಂದೆ. ಅವಳು ಸ್ಪೀಕರಿನಲ್ಲೇ ಡ್ಯೂಯಿಗೆ ಫೋನು ಹಚ್ಚಿದಳು. ಯಾರದೋ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿದ್ದ ಅವನಿಗೆ ಒಂದನ್ನೂ ಬಿಡದೆ ಹೇಳಿದಳು.

ಡ್ಯೂಯಿ ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿಸಿತು.

"ಮಿಸ್ ವರ್ನಾ, ಜೋರಾಗೇ ಅಂದ್ರಾ?"

"ಅಂದ್ಬಿಟ್ಟೆ ಮಗಾ."

"ಸ್ಟುಡಿಯೋದಲ್ಲಿ ಒಬ್ರು ಉದ್ದ ಆಯ್ತು ಅಂದ್ರು, ಇನ್ನೊಬ್ರು ಡ್ರಮ್ಮು ಸಾಲ್ದು ಅಂದ್ರು. ಎರಡು ವರ್ಷದಲ್ಲಿ ಆ ಹಾಡಿಗೆ ಒಬ್ರೂ ಆಮೆನ್ ಅಂದಿರ್ಲಿಲ್ಲ. ಇಡ್ತೀನಿ, ಇಲ್ಲಿ ನೀರು ಸೋರ್ತಿದೆ."

ವರ್ನಾ ಅತ್ತಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲು ನಾನು ನೋಡಿದ್ದು. ನನ್ನ ಮಾತಿಗೆ ನನಗೇ ನಾಚಿಕೆಯಾಯಿತು. ಗಡಿಯಾರ ನಾಲ್ಕಕ್ಕೆ ಇನ್ನು ನಾಲ್ಕು ನಿಮಿಷ ಇದೆ ಎಂದು ತೋರಿಸುತ್ತಿತ್ತು. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸ್ಟೇಷನ್ನು ಇತ್ತು, ಹತ್ತು ವರ್ಷದಲ್ಲಿ ನಮ್ಮ ಒಂದೂ ಹಾಡು ಹಾಕದವರದು. ಅವಳು ಮೂಗು ಒರೆಸಿಕೊಂಡು ಆ ನಂಬರು ಒತ್ತಿದಳು.

"ನಾನು ವರ್ನಾ, ನ್ಯಾಶ್‌ವಿಲ್‌ನಿಂದ. ಮೊದಲೇ ಹೇಳಿಬಿಡ್ತೀನಿ, ಇದು ಚರ್ಚಿನ ಹಾಡು."